ಮೂಡದ ಹಲ್ಲು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರೆ. ಆ ವರ್ಷ ಹೋಗಿರಲಿಲ್ಲ. ಹಬ್ಬದ ಮಾರನೇ ದಿನ, ಬಿಸಿಲು ಇನ್ನೂ ಗಾಡಿಯ ಮೂಕಿಗೆ ಬೀಳದ ಹೊತ್ತಿನಲ್ಲಿ, ಗಾವಡಗೆರೆ ಆಚೆಯ ಕೊಯ್ದ ರಾಗಿ ಹೊಲದಲ್ಲಿ ಜನ ಕಂಬಳಿ ಹೊದ್ದು ನಿಂತಿದ್ದರು. ಜೋಡೆತ್ತಿನ ಗಾಡಿ ಓಟ. ಇದು ಶುರುವಾದದ್ದು ಅಲ್ಲಿ.

ನಮ್ಮ ಕಡೆ ಓಟದ ಎತ್ತುಗಳನ್ನು ಹಲ್ಲಿನ ಮೇಲೆ ಬೇರೆ ಮಾಡುತ್ತಾರೆ. ಹಾಲುಹಲ್ಲಿನವಕ್ಕೆ ಒಂದು ಓಟ, ಎರಡು ಹಲ್ಲಿನವಕ್ಕೆ ಒಂದು, ನಾಲ್ಕು ಹಲ್ಲಿನವಕ್ಕೆ ಒಂದು, ಎಲ್ಲ ಹಲ್ಲೂ ಮೂಡಿ ಬಾಯಿಗೂಡಿದವಕ್ಕೆ ಕೊನೆಗೆ. ಹಾಲುಹಲ್ಲು ಬಿದ್ದ ಜಾಗದಲ್ಲಿ ದೊಡ್ಡ ಹಲ್ಲು ಜೋಡಿ ಜೋಡಿಯಾಗಿ ಮೂಡುತ್ತವೆ. ಒಂದು ಜೋಡಿ ಹೆಚ್ಚಾದರೆ ಎತ್ತಿನ ಎದೆಯೇ ಬೇರೆ. ಹಾಲುಹಲ್ಲು ಬಿದ್ದು ಸಂದಿಯಾಗಿ, ದೊಡ್ಡದು ಇನ್ನೂ ಕಾಣದಿದ್ದರೆ ಅದು ಲೆಕ್ಕಕ್ಕಿಲ್ಲ. ಮೂಡಿದ್ದೇ ಹಲ್ಲು.

ಬಾಯಿ ನೋಡುವವನು ಕಮಿಟಿಯ ಚನ್ನಬಸವಣ್ಣ. ನನ್ನ ತಂಗಿ ಮಗ ಚೌರಪ್ಪನ ಎತ್ತುಗಳ ಸರದಿ ಬಂದಾಗ ಎಡದ ಎತ್ತು ಬಿಳಿಯನ ಬಾಯಿ ನೋಡಿ ತಲೆಯಾಡಿಸಿದ. ಬಲದ ರಾಜನ ಕೆಳದುಟಿ ಇಳಿಸಿ ಸ್ವಲ್ಪ ಹೊತ್ತು ನಿಂತ. ನಡುವೆ ಎರಡು ದೊಡ್ಡ ಹಲ್ಲು, ಅವುಗಳ ಎರಡೂ ಮಗ್ಗುಲಿಗೆ ಒಂದೊಂದು ಸಂದಿ.

"ಯಾವಾಗ ಬಿದ್ದೋ ಇವು?"

"ಮೊನ್ನೆ ಹುಲ್ಲು ಮೇಯ್ತಾ ಬಿದ್ದೋದ್ವು ಕಣಣ್ಣ," ಅಂದ ಚೌರಪ್ಪ.

"ಸರಿ ಬುಡು. ಉಪದೇಶಿ ಹೇಳಿದ ಮೇಲೆ ಮುಗೀತು. ಎರಡು ಹಲ್ಲು."

ಚೌರಪ್ಪ ನಮ್ಮ ಕೇರಿಯ ಉಪದೇಶಿ. ಹನ್ನೆರಡು ಮನೆ ಕ್ರೈಸ್ತರು ನಾವು, ಒಂದು ಚಿಕ್ಕ ಗುಡಿ. ಹುಣಸೂರಿನಿಂದ ಫಾದರ್ ಬರುವುದು ಭಾನುವಾರ ಮಾತ್ರ. ಮಿಕ್ಕ ದಿನ ಜಪಸರ ಹೇಳಿಸುವುದು, ಮಕ್ಕಳಿಗೆ ಜಪ ಕಲಿಸುವುದು, ಸತ್ತವರ ತಲೆದೆಸೆಯಲ್ಲಿ ನಿಂತು ಓದುವುದು ಎಲ್ಲಾ ಇವನೇ. ಹೊಗೆಸೊಪ್ಪು ಬೆಳೆಯುವ ಊರಿನಲ್ಲಿ ಬೀಡಿ ಸಹ ಸೇದಿದವನಲ್ಲ. ಅದಕ್ಕೇ ಬೇರೆ ಜಾತಿಯವರೂ ಜಗಳ ಬಂದರೆ ಇವನ ಮಾತು ಕೇಳುತ್ತಿದ್ದರು. ಅವನಿಗಿದ್ದ ಒಂದೇ ಹುಚ್ಚು ಎತ್ತಿನದು.

ಓಟದಲ್ಲಿ ಎರಡೆರಡು ಗಾಡಿ ಜೊತೆಗೆ ಬಿಡುತ್ತಾರೆ. ಸೋತದ್ದು ಹೊರಗೆ. ಮಧ್ಯಾಹ್ನದ ಹೊತ್ತಿಗೆ ಎರಡು ಹಲ್ಲಿನ ಓಟದಲ್ಲಿ ಉಳಿದದ್ದು ಚೌರಪ್ಪನ ಗಾಡಿ, ಇನ್ನೊಂದು ಮಿರ್ಲೆ ಕಾಂತರಾಜುವಿನದು. ಕಾಂತರಾಜು ಜಮೀನಿದ್ದ ಗೌಡ. ಗಾಡಿ ಹೊಡೆಯುವವನು ತಾನಲ್ಲ, ಹುಣಸೂರಿನ ಇಸಾಕ್. ಇಸಾಕನ ಮನೆಯವರು ತಲೆಮಾರಿನಿಂದ ಎತ್ತಿಗೆ ಲಾಳ ಹೊಡೆಯುವವರು. ಗೊರಸು ಹಿಡಿದೇ ಬೆಳೆದ ಹುಡುಗ, ಹಗ್ಗ ಹಿಡಿದರೆ ಎತ್ತಿಗೆ ಬಾರುಕೋಲು ತೋರಿಸಬೇಕಾಗಿರಲಿಲ್ಲ. ನಾಲ್ಕು ತಾಲ್ಲೂಕಿನಲ್ಲೂ ಗಾಡಿ ಇದ್ದವರು ಅವನನ್ನು ಕರೆಯುತ್ತಿದ್ದರು.

ಗಾಡಿ ನಿಲ್ಲಿಸಿಕೊಂಡು ಇಸಾಕ್ ನಗಾಡಿದ. "ಉಪದೇಶಿಗಳೇ, ಸೋತ ಮೇಲೆ ನಮ್ಮ ಎತ್ತಿಗೂ ಒಂದು ಜಪ ಹೇಳ್ಬುಡಿ, ಪುಣ್ಯ ಬತ್ತದೆ."

"ನಿನ್ನ ಎತ್ತಿಗೆ ಜಪ ಬ್ಯಾಡ ಕಣಪ್ಪ. ನಿನ್ನ ಬಾಯಿಗೊಂದು ಮೂಗುದಾರ ಹಾಕಿದ್ರೆ ಸಾಕು," ಅಂದ ಚೌರಪ್ಪ. ಜನ ನಕ್ಕರು. ಅವತ್ತು ಅವರಿಬ್ಬರ ಮಧ್ಯೆ ನಗು ಅಂತ ಬಂದದ್ದು ಅದೇ ಕೊನೆ.

ಬಿಟ್ಟರು. ಅರ್ಧ ಹೊಲದವರೆಗೆ ನೊಗಕ್ಕೆ ನೊಗ ಸಮ ಇತ್ತು. ಆಮೇಲೆ ರಾಜ ಒಂದೇ ಸಮ ಎಳೆಯತೊಡಗಿತು. ಜೊತೆಯ ಬಿಳಿಯನನ್ನೂ ಸೇರಿಸಿ ಎಳೆದುಕೊಂಡು ಹೋಗುವ ಹಾಗೆ. ಇಸಾಕನ ಎಡದ ಎತ್ತು ಅದಕ್ಕೆ ಸಮ ಹೋಗಲು ಹೋಗಿ ಮುಗ್ಗರಿಸಿತು. ಕಾಲು ಮುರಿಯುತ್ತಿತ್ತು. ಇಸಾಕ್ ಹಗ್ಗ ಬಿಗಿ ಹಿಡಿದ. ಎತ್ತು ಉಳಿಯಿತು. ಓಟ ಹೋಯಿತು.

ಹಗ್ಗ ಬಿಗಿ ಹಿಡಿದದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಎತ್ತು ಮುಗ್ಗರಿಸಿದ್ದು ಹತ್ತಿರ ನಿಂತ ನಾಲ್ಕು ಜನಕ್ಕೆ ಮಾತ್ರ ಕಂಡಿತ್ತು.

"ಓಟ ಮಾರ್ಕೊಂಡ ಕಣ್ಲಾ," ಅಂತ ಯಾರೋ ಅಂದರು. ಆ ಮಾತು ನಾನು ಹೊಲದ ಆ ತುದಿಗೆ ನಡೆದುಹೋಗುವಷ್ಟರಲ್ಲಿ ನನಗಿಂತ ಮುಂಚೆ ಅಲ್ಲಿ ಮುಟ್ಟಿತ್ತು. ಕಾಂತರಾಜು ಗಾಡಿಯ ಮುಂದೆ ನಿಂತಿದ್ದ.

"ಎಷ್ಟಕ್ಕೆ ಒಪ್ಕೊಂಡೆ ಹೇಳ್ಲಾ."

"ಅಲ್ಲಾನಾಣೆ ಇಲ್ಲ ಕಾಂತಣ್ಣ. ಎತ್ತಿನ ಕಾಲು ಹೋಗ್ತಿತ್ತು. ಆ ಬಲದ ಎತ್ತಿನ ಹೆಜ್ಜೆ ನೋಡಿದ್ರಾ? ಅದು ಎರಡು ಹಲ್ಲಿನ ಎತ್ತಲ್ಲ ಕಣಣ್ಣ. ಬೇಕಾದ್ರೆ ಇನ್ನೊಂದು ಕಿತ ಬಾಯಿ ನೋಡ್ಸಿ."

"ಉಪದೇಶಿ ಸುಳ್ಳು ಹೇಳವ್ನೆ, ನೀನು ಸಾಚಾ. ಅಂಗೇನ್ಲಾ?"

ಕಾಂತರಾಜುವಿನ ಬಾಮೈದ ನೊಗದ ಗೂಟ ಕಿತ್ತು ಹೊಡೆದ. ಇಸಾಕ್ ತಲೆಗೆ ಬೀಳುವುದನ್ನು ಬಲಗೈಯಲ್ಲಿ ತಡೆದ. ಮಣಿಕಟ್ಟಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು, ಒಣ ಜೋಳದ ದಂಟು ಮುರಿದ ಹಾಗೆ. ಚೌರಪ್ಪ ಅಲ್ಲೇ ಇದ್ದ. ಗೆದ್ದವರಿಗೆ ಕೊಡುವ ಬೈಕಿನ ಪಕ್ಕ, ಕೊರಳಲ್ಲಿ ಹಾರ ಹಾಕಿಸಿಕೊಂಡು. ಅವನು ನೆಲ ನೋಡುತ್ತಿದ್ದ. ಉಪದೇಶಿಗೆ ಹೊಡೆದಾಟ ಕಂಡರೆ ಆಗುವುದಿಲ್ಲ ಅಂದುಕೊಂಡೆ ನಾನು.

ಅದಾಗಿ ಎರಡನೇ ದಿನ ಬೂದಿ ಬುಧವಾರ. ಈಸ್ಟರಿಗೆ ಮುಂಚಿನ ನಲವತ್ತು ದಿನದ ನಮ್ಮ ತಪಸ್ಸುಕಾಲ ಅವತ್ತಿಗೆ ಶುರು. ಸಾಬರ ರಂಜಾನ್ ಉಪವಾಸವೂ ಆ ವರ್ಷ ಅದರ ಮಾರನೇ ದಿನಕ್ಕೇ ಬಿತ್ತು. ಫಾದರ್ ಹಣೆಗೆ ಬೂದಿ ಇಡುತ್ತಾ ಬಂದರು. ಚೌರಪ್ಪ ಬೂದಿಯ ಬಟ್ಟಲು ಹಿಡಿದು ಅವರ ಹಿಂದೆ ಬಂದ. ಅವನ ಹೆಂಡತಿ ಲೂರ್ದುಮೇರಿ ಬೂದಿ ಇಡಿಸಿಕೊಂಡಳು. ಪ್ರಸಾದ ತೆಗೆದುಕೊಳ್ಳುವ ಹೊತ್ತಿಗೆ ಮಾತ್ರ ಎದ್ದು ಬರಲಿಲ್ಲ, ಗೋಡೆಗೆ ಒರಗಿ ಕೂತಿದ್ದಳು. ಮೈಗೆ ಹುಷಾರಿಲ್ಲವೇನೋ ಅಂದುಕೊಂಡರು.

ಇಸಾಕನ ಸುದ್ದಿ ಹುಣಸೂರಿನ ಸಂತೆಗೆ ಹೋದವರು ತರುತ್ತಿದ್ದರು. ಮೊದಲು ನಾಟಿ ಕಟ್ಟು ಕಟ್ಟಿಸಿದನಂತೆ, ಮೂಳೆ ಸೊಟ್ಟ ಕೂತಿತಂತೆ. ಲಾಳ ಹೊಡೆಯಲು ಸುತ್ತಿಗೆ ಹಿಡಿಯಲಾಗುತ್ತಿಲ್ಲವಂತೆ. ಹಿಡಿಯುವ ಹಾಗಿದ್ದರೂ ಎತ್ತು ತರುವವರಿಲ್ಲವಂತೆ. ಓಟ ಮಾರಿಕೊಂಡವನು ಗೊರಸಿಗೆ ಮೊಳೆ ಎಲ್ಲಿ ಹೊಡೆಯುತ್ತಾನೋ ಯಾರಿಗೆ ಗೊತ್ತು ಅಂತ ಜನ ಆಡಿಕೊಂಡರು. ಅವರ ಕೇರಿಯವರೇ ಮಸೀದಿ ಹತ್ತಿರ ಅವನನ್ನು ಕಂಡು ಮಾತು ನಿಲ್ಲಿಸುತ್ತಿದ್ದರಂತೆ.

ತಪಸ್ಸುಕಾಲದ ಎರಡನೇ ವಾರ ಚೌರಪ್ಪ ಹುಣಸೂರಿಗೆ ಹೋಗಿ ಪಾಪನಿವೇದನೆ ಮಾಡಿ ಬಂದ. ಬಂದವನ ಮುಖ ಹಗುರಾಗಿತ್ತು. ಆ ವಾರವೇ ಬೈಕ್ ಮಾರಿ ಗುಡಿಗೆ ಹೊಸ ಮೈಕ್ ಸೆಟ್ ತಂದ. ಗೋಪುರದ ಮೇಲೆ ಎರಡು ಹಾರ್ನ್, ಒಳಗೆ ಎರಡು ಸ್ಪೀಕರ್ ಡಬ್ಬ. ಫಾದರ್ ಅದನ್ನು ನೋಡಿ ಒಂದು ಮಾತೂ ಹೊಗಳಲಿಲ್ಲ. ಕೇರಿಯವರಿಗೆ ಅದು ಬೇಜಾರಾಯಿತು. "ಇಂಥ ದಾನ ಯಾರು ಮಾಡ್ತಾರೆ, ಒಂದು ಒಳ್ಳೆ ಮಾತಾಡಬಾರ್ದಾ," ಅಂದರು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಕತ್ತು ಹೋದರೂ ಹೊರಗೆ ಆಡುವ ಹಾಗಿಲ್ಲ. ಅದು ನಮಗೆಲ್ಲ ಗೊತ್ತು. ಆದರೆ ಆಗ ಯಾರಿಗೂ ಹೊಳೆಯಲಿಲ್ಲ.

ನನ್ನ ಹಿತ್ತಲಿನಲ್ಲಿ ಒಂದಿಷ್ಟು ಹಸಿ ಜೋಳದ ಕಡ್ಡಿ ಇತ್ತು. ಒಂದು ಸಂಜೆ ಹೊರೆ ಕಟ್ಟಿ ಚೌರಪ್ಪನ ಕೊಟ್ಟಿಗೆಗೆ ಹೊತ್ತುಕೊಂಡು ಹೋದೆ. ಬಿಳಿಯ ಕಿತ್ತು ಕಿತ್ತು ತಿಂದಿತು. ರಾಜ ಮೂತಿ ಹಾಕಿ, ಎಳೆಯಲು ನೋಡಿ, ಬಿಟ್ಟಿತು. ಲೂರ್ದುಮೇರಿ ಬೂಸಾ ನೆನೆಸಿ ಉಂಡೆ ಮಾಡಿ ಅದರ ಬಾಯಿಗೆ ಇಡುತ್ತಿದ್ದಳು, ಹಾಲು ಬಿಡಿಸಿದ ಮಗುವಿಗೆ ತಿನ್ನಿಸುವ ಹಾಗೆ.

ನಾನು ರಾಜನ ಕೆಳದುಟಿ ಇಳಿಸಿದೆ. ಹಾಲುಹಲ್ಲು ಬಿದ್ದ ಜಾಗದಲ್ಲಿ ಇಷ್ಟು ದಿನಕ್ಕೆ ಬಿಳೀ ತುದಿ ಕಾಣಬೇಕು, ಮುಟ್ಟಿದರೆ ಚುಚ್ಚಬೇಕು. ಬೆರಳಿಟ್ಟೆ. ಎರಡೂ ಸಂದಿಯಲ್ಲಿ ವಸಡು ನುಣ್ಣಗೆ ಕೂಡಿಕೊಂಡಿತ್ತು. ಒಂದು ಕಡೆ ಹಳೇ ಗಾಯದ ಗೆರೆ. ಅಲ್ಲಿ ಇನ್ನು ಏನೂ ಮೂಡುವುದಿಲ್ಲ.

ಲೂರ್ದುಮೇರಿ ನನ್ನನ್ನು ನೋಡಿದಳು. "ನಾನೇ ಬಾಯಿ ಹಿಡಿದೋಳು ಮಾವ," ಅಂದಳು. "ಹಾಲುಹಲ್ಲು ಅಳ್ಳಾಡ್ತಾ ಅವೆ, ಮೇವು ತಿನ್ನಾಕೆ ಬಿಡ್ತಿಲ್ಲ, ಹಿಡ್ಕೊ ಅಂದ್ರು ನಮ್ಮನೆಯವರು. ಇಕ್ಕಳದಾಗೆ ಬಂದಾಗ ನೋಡ್ತೀನಿ, ಬೇರು ನನ್ನ ಬೆರಳುದ್ದ ಐತೆ. ಬೀಳೋ ಹಾಲುಹಲ್ಲಿಗೆ ಅಷ್ಟು ಬೇರು ಎಲ್ಲಿರ್ತದೆ?"

"ಅದಕ್ಕೇನಾ ನೀನು ಪ್ರಸಾದಕ್ಕೆ ಏಳ್ದೆ ಇರೋದು?"

"ಆ ಸಾಬರ ಹುಡುಗ ಕೈ ಮುರ್ಕೊಂಡು ಕೂತವ್ನೆ. ನಾನು ಯಾವ ಬಾಯಲ್ಲಿ ದೇವರನ್ನ ಇಸ್ಕೊಳ್ಲಿ?"

ಚೌರಪ್ಪ ಹೊಲದಿಂದ ಬರುವವರೆಗೂ ಅಲ್ಲೇ ಕೂತಿದ್ದೆ. ಬಂದವನು ನನ್ನ ಮುಖ ನೋಡಿದ, ಎತ್ತಿನ ಮುಖ ನೋಡಿದ, ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಪಾಪನಿವೇದನೆ ಮಾಡಾಯ್ತು ಮಾವ. ದೇವರೇ ಮರ್ತವ್ನೆ. ನೀವು ಯಾಕೆ ನೆಪ್ಪು ಮಾಡ್ತೀರಿ?"

"ಗುರುಗಳು ಏನಂದ್ರು?"

"ಯಾರದ್ದು ಕಿತ್ಕೊಂಡಿದ್ಯೋ ಅವರಿಗೆ ತಿರುಗಿ ಕೊಡು ಅಂದ್ರು."

"ಕೊಟ್ಯಾ?"

"ಬೈಕ್ ಮಾರಿ ದೇವರ ಗುಡಿಗೇ ಕೊಟ್ಟೆ. ಅದಕ್ಕಿಂತ ಮೇಲೆ ಇನ್ಯಾರಿಗೆ ಕೊಡ್ಲಿ?"

"ದೇವರ ಕೈ ಮುರಿದಿತ್ತೇನಪ್ಪ ಚೌರಿ?"

ಅವನಿಗೆ ಸಿಟ್ಟು ಬಂತು. "ನಾನು ಹೊಡುದ್ನಾ? ಹೊಡ್ದೋನು ಕಾಂತರಾಜು ಬಾಮೈದ. ನಾನು ಹೋಗಿ ಅಂಗೆ ಹೇಳಿದ್ರೆ ನಾಳೆಯಿಂದ ಈ ಕೇರಿ ಮಕ್ಕಳಿಗೆ ಜಪ ಕಲಿಸೋದು ಯಾರು? ಕಿರಿಸ್ತಾನರೆಲ್ಲ ಕಳ್ಳರು ಅಂತಾರೆ. ಒಬ್ಬನ ಕೈಗೆ ಹನ್ನೆರಡು ಮನೆ ಮಾನ ತೂಗ್ತೀರಾ?"

ತುಂಬಾ ದಿನ ಒಳಗೆ ಉಜ್ಜಿ ನಯ ಮಾಡಿದ ಮಾತು ಅದು. "ಇದನ್ನ ನಂಗೆ ಹೇಳ್ಬ್ಯಾಡ," ಅಂದೆ. "ನಾಳೆ ಹುಣಸೂರಿಗೆ ಹೋಗಾನ. ಅವನ ಎದುರಿಗೆ ಕೂತ್ಕೊಂಡು ಇದೇ ಮಾತು ಹೇಳು."

ಮಾರನೇ ದಿನ ಹೋದೆವು. ಲಕ್ಷ್ಮಣತೀರ್ಥದ ದಡದ ಬೀದಿಯಲ್ಲಿ ಶೀಟ್ ಹಾಕಿದ ಮನೆ. ಬಾಗಿಲ ಪಕ್ಕ ಲಾಳದ ಡಬ್ಬ ಮುಚ್ಚಿಟ್ಟಿದ್ದರು, ಮೇಲೆ ಕೋಳಿ ಕೂತಿತ್ತು. ಉಪವಾಸ ಬಿಡುವ ಹೊತ್ತು. ಇಸಾಕನ ತಾಯಿ ಬಷೀರಾಬಿ ನಮ್ಮನ್ನು ಕಂಡು ಚಾಪೆ ಹಾಸಿದರು, "ಕೂತ್ಕಳಿ, ಕೂತ್ಕಳಿ" ಅಂತ ಎರಡು ಬಟ್ಟಲಿಗೆ ಗಂಜಿ ಬಿಟ್ಟರು. ಇಸಾಕನ ಹೆಂಡತಿ ಜೋಯಾ ಗಂಡನ ಎಡಗೈಗೆ ಒಂದು ಖರ್ಜೂರ ಕೊಟ್ಟಳು. ಬಲಗೈ ಮಡಿಲಲ್ಲಿತ್ತು. ಬೆರಳುಗಳು ಅರ್ಧ ಮಡಚಿದ್ದವು, ಅಲ್ಲಿಂದಾಚೆಗೆ ಮಡಚುತ್ತಿರಲಿಲ್ಲ.

ಚೌರಪ್ಪ ಬಾಯಿ ತೆಗೆಯುವ ಮೊದಲೇ ಇಸಾಕ್ ಮಾತಾಡಿದ.

"ನೀವು ಬಂದ್ರಲ್ಲ ಉಪದೇಶಿಗಳೇ, ದೊಡ್ಡ ಮನಸ್ಸು. ಗೆದ್ದೋರು ಸೋತೋನ ಮನೆಗೆ ಯಾರು ಬತ್ತಾರೆ? ಅವತ್ತು ನಿಮ್ಮ ಎತ್ತಿನ ಮೇಲೆ ಮಾತಾಡ್ದೆ. ನೋವು, ಸಿಟ್ಟು. ತಪ್ಪಾಯ್ತು."

ಚೌರಪ್ಪ ಬಟ್ಟಲು ಹಿಡಿದುಕೊಂಡಿದ್ದ.

"ಒಂದು ಉಪಕಾರ ಮಾಡಿ. ನಮ್ಮ ಮಾತು ಯಾರೂ ನಂಬಾಕಿಲ್ಲ. ನೀವು ದೇವರ ಮಾತು ಹೇಳೋರು, ನಿಮ್ಮ ಮಾತು ನಡೀತದೆ. ಇಸಾಕ ಮಾರ್ಕೊಂಡಿಲ್ಲ ಅಂತ ಕಾಂತಣ್ಣಂಗೆ ಒಂದು ಮಾತು ಹೇಳ್ಬುಡಿ. ಕೈ ಹೋದ್ರೆ ಹೋಗ್ಲಿ. ಹೆಸ್ರು ಉಳುದ್ರೆ ಲಾಳ ಹೊಡಿಯೋಕೆ ಯಾರ್ನಾದ್ರೂ ಇಟ್ಕೊಂಡು ನಾನು ಪಕ್ಕದಾಗೆ ಕೂತು ಹೇಳ್ಕೊಟ್ಟೇನು."

"ಹೇಳ್ತೀನಿ," ಅಂದ ಚೌರಪ್ಪ. ಗಂಜಿ ಕುಡಿದ. ಬಟ್ಟಲಲ್ಲಿ ಒಂದು ಅಗುಳು ಉಳಿಸಲಿಲ್ಲ. ಬಷೀರಾಬಿ ಇನ್ನೊಂದು ಸೌಟು ಬಿಟ್ಟರು, ಅದನ್ನೂ ಕುಡಿದ.

ಬಸ್ಸಿನಲ್ಲಿ ಬರುವಾಗ ಅವನು ಕಿಟಕಿ ಕಡೆ ಮುಖ ಮಾಡಿದ್ದ. ಊರು ಬಂದಾಗ ನಾನು ಹೇಳಿದೆ: "ಗರಿಗಳ ಭಾನುವಾರದವರೆಗೆ ನೋಡ್ತೀನಿ. ಆಮೇಲೆ ನಾನೇ ಮಿರ್ಲೆ ಬಸ್ ಹತ್ತುತೀನಿ." ಅವನೇ ಹೇಳಲಿ ಅನ್ನುವುದು ನನ್ನ ಆಸೆ. ನಾನು ಹೇಳಿದರೆ ಅವನು ಸಿಕ್ಕಿಬಿದ್ದ ಹಾಗೆ ಆಗುತ್ತದೆ, ತಿರುಗಿ ಬಂದ ಹಾಗೆ ಆಗುವುದಿಲ್ಲ.

ರಂಜಾನ್ ಹಬ್ಬ ಕಳೆಯಿತು. ಚೌರಪ್ಪ ಮಿರ್ಲೆಗೆ ಹೋಗಲಿಲ್ಲ. ದಿನಾ ಸಂಜೆ ಹೊಸ ಮೈಕಿನಲ್ಲಿ ಜಪಸರ ಹೇಳಿಸಿದ. ಅವನ ದನಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳನ್ನು ದಾಟಿ ಕೆರೆ ಏರಿಯವರೆಗೂ ಹೋಗುತ್ತಿತ್ತು. ಇತ್ತ ಲೂರ್ದುಮೇರಿ ಒಂದೊಂದು ಭಾನುವಾರವೂ ಪ್ರಸಾದಕ್ಕೆ ಏಳದೆ ಕೂರುತ್ತಿದ್ದಳು. ದೊಡ್ಡ ಪಾಪ ಹೊತ್ತವರು ಪ್ರಸಾದ ಮುಟ್ಟಬಾರದು ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೆಂಗಸರ ಬಾಯಿ ಸುಮ್ಮನಿರುತ್ತದೆಯೇ? ನಲ್ಲಿ ಹತ್ತಿರ ಶುರುವಾಯಿತು.

"ಗಂಡ ಬಲಿಪೀಠದ ಹತ್ರ, ಹೆಂಡ್ತಿ ಗೋಡೆ ಹತ್ರ. ಏನೋ ಐತೆ ಕಣಕ್ಕಾ."

"ಉಪದೇಶಿ ಪಾಪ ದೇವರಂಥೋರು. ಅವಳೇ ಎಲ್ಲೋ ಕಾಲು ಜಾರವ್ಳೆ."

ಈ ಮಾತು ಅವಳ ಬೆನ್ನ ಹಿಂದೆ ಆಡಿದ್ದಲ್ಲ. ಕೊಡ ಹಿಡಿದು ಸರದಿಯಲ್ಲಿ ನಿಂತವಳ ಮುಂದೆಯೇ ಆಡಿದ್ದು. ಅವಳು ನೀರು ಹಿಡಿದುಕೊಂಡು ಬಂದಳು. ಗಂಡನಿಗೆ ಹೇಳಲಿಲ್ಲ. ಆದರೆ ಅವನಿಗೆ ಮುಟ್ಟಿತು.

ಈಸ್ಟರಿಗೆ ಒಂದು ವಾರ ಮುಂಚೆ, ಗರಿಗಳ ಭಾನುವಾರ, ಎಲ್ಲರ ಕೈಯಲ್ಲೂ ಈಚಲ ಗರಿ. ಪ್ರಸಾದದ ಹೊತ್ತಿಗೆ ಜನ ಸಾಲಾಗಿ ಎದ್ದರು. ಲೂರ್ದುಮೇರಿ ಕೂತಿದ್ದಳು. ಅವಳ ಪಕ್ಕದವರು ದಾಟಿ ಹೋಗುವಾಗ ಸೀರೆ ತಗಲಬಾರದು ಅನ್ನುವ ಹಾಗೆ ಸೆರಗು ಎಳೆದುಕೊಂಡು ಹೋದರು. ಚೌರಪ್ಪ ಮೈಕಿನ ಮುಂದೆ ಹಾಡು ಹೇಳುತ್ತಿದ್ದವನು ಅದನ್ನು ನೋಡಿದ. ಹಾಡು ನಡುವೆ ನಿಂತಿತು, ಹೆಂಗಸರು ಮುಂದುವರಿಸಿದರು.

ಪೂಜೆಯ ಕೊನೆಗೆ ಉಪದೇಶಿ ಪ್ರಕಟಣೆ ಹೇಳುವುದು ವಾಡಿಕೆ. ಅವನು ಬಂದು ನಿಂತ.

"ಗುರುವಾರ ಸಂಜೆ ಪಾದ ತೊಳೆಯುವ ಪೂಜೆ ಇದೆ. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಶಿಲುಬೆಯ ಹಾದಿ. ಎಲ್ಲರೂ ಒಪ್ಪೊತ್ತಿರಬೇಕು. ಇನ್ನೊಂದು ಪ್ರಕಟಣೆ. ನಮ್ಮ ರಾಜನ ಬಾಯಲ್ಲಿ ನಾಲ್ಕು ಹಲ್ಲಿದ್ದವು. ಎರಡನ್ನ ನಾನು ಕಿತ್ತೆ. ಗೆದ್ದದ್ದು ನಾನಲ್ಲ, ಮೋಸ. ಇಸಾಕ್ ಓಟ ಮಾರ್ಕೊಂಡಿಲ್ಲ. ಅವನು ಹೇಳಿದ್ದೆಲ್ಲ ನಿಜ. ನನ್ನ ಹೆಂಡ್ತಿ ತಪ್ಪು ಏನೂ ಇಲ್ಲ. ಈ ಮೈಕ್ ಆ ದುಡ್ಡಿಂದು."

ಗುಡಿಯಲ್ಲಿ ಗರಿ ಅಲ್ಲಾಡಲಿಲ್ಲ. ಹೊರಗೆ ಹಾರ್ನ್ ಇತ್ತಲ್ಲ, ಟೀ ಅಂಗಡಿಯಲ್ಲಿ ಕೂತವರೂ ಕೇಳಿಸಿಕೊಂಡರು. ಫಾದರ್ ಕಣ್ಣು ಮುಚ್ಚಿದ್ದರು. ಆಶೀರ್ವಾದಕ್ಕೆ ಕೈ ಎತ್ತಲು ಅವರಿಗೂ ಸ್ವಲ್ಪ ಹೊತ್ತು ಹಿಡಿಯಿತು.

ಸತ್ಯ ಹೇಳಿದ ಮೇಲೆ ಎದೆ ಹಗುರಾಗುತ್ತದೆ ಅನ್ನುತ್ತಾರೆ. ನಾನು ಕಂಡದ್ದು ಹಾಗಲ್ಲ. ನಮ್ಮ ಕೇರಿಯವರು ಅವನು ಮಾಡಿದ್ದಕ್ಕಿಂತ ಹೇಳಿದ್ದಕ್ಕೆ ಹೆಚ್ಚು ಸಿಟ್ಟಾದರು. "ಮೈಕಲ್ಲೇ ಹೇಳ್ಬೇಕಿತ್ತಾ? ನಮ್ಮ ಮುಖಕ್ಕೆ ಮಸಿ ಬಳಿದ," ಅಂದರು. ಚನ್ನಬಸವಣ್ಣ ಮನೆ ಬಾಗಿಲಿಗೆ ಬಂದು, "ನಿನ್ನ ಬಾಯಿ ನಂಬಿ ಎತ್ತಿನ ಬಾಯಿ ಬುಟ್ಟೆ ಕಣಯ್ಯ," ಅಂದವನು ನೀರು ಸಹ ಕುಡಿಯದೆ ಹೋದ. ಉಪದೇಶಿ ಕೆಲಸವನ್ನು ಚೌರಪ್ಪ ತಾನಾಗೇ ಬಿಟ್ಟ. ಮೈಕ್ ಬಿಚ್ಚಿ ಮಾರಿ ಇಸಾಕನ ಕೈಗೆ ಮೈಸೂರಿನಲ್ಲಿ ಆಪರೇಷನ್ ಮಾಡಿಸೋಣ ಅಂತ ಓಡಾಡಿದ. ಡಾಕ್ಟರು ಕೈ ನೋಡಿ, ಮೂಳೆ ಕೂಡಿದ ಮೇಲೆ ಬಂದಿದ್ದೀರಿ, ನರ ಹೋಗಿದೆ, ಕುಯ್ದರೂ ಬೆರಳು ಮಡಚುವುದು ಕಷ್ಟ ಅಂದರು. ಮೊದಲ ವಾರವೇ ಬಂದಿದ್ದರೆ ಅಂದರು. ಆ ಮಾತು ಚೌರಪ್ಪ ನನಗೆ ಮೂರು ಸಲ ಹೇಳಿದ, ನಾನು ಕೇಳಿಸಿಕೊಂಡೇ ಇಲ್ಲ ಅನ್ನುವ ಹಾಗೆ.

ಕಾಂತರಾಜು ಸಹ ಇಸಾಕನ ಮನೆಗೆ ಹೋಗಿದ್ದನಂತೆ. ಬಾಮೈದನನ್ನು ಹೊರಗೆ ನಿಲ್ಲಿಸಿ ತಾನು ಒಳಗೆ ಕೂತು, "ಬಾ, ನಮ್ಮ ಎತ್ತು ನಿನ್ನ ಕೈಗೇ," ಅಂದನಂತೆ. ಇಸಾಕ್ ಬಲಗೈ ಎತ್ತಿ ಅವನ ಮುಂದೆ ಹಿಡಿದನಂತೆ. ಅಷ್ಟೇ.

ಬುಧವಾರ ಚೌರಪ್ಪ ರಾಜನನ್ನು ಹಗ್ಗ ಹಿಡಿದು ನಡೆಸಿಕೊಂಡು ಹುಣಸೂರಿಗೆ ಹೋದ. ಜೊತೆಗೆ ನಾನೂ ಹೋದೆ. ಬಾಗಿಲಲ್ಲಿ ನಿಂತು, "ಇದನ್ನ ನೀನೇ ಇಟ್ಕೊ ಇಸಾಕ. ನಂಗೆ ಇದರ ಮೇಲೆ ಹಕ್ಕಿಲ್ಲ," ಅಂದ.

ಇಸಾಕ್ ಎತ್ತಿನ ಗಂಗೆದೊಗಲನ್ನು ಎಡಗೈಯಲ್ಲಿ ಸವರಿದ. ಕೆಳದುಟಿ ಇಳಿಸಿ ನೋಡಿದ. "ಹಲ್ಲಿಲ್ಲದ ಎತ್ತಿಗೂ ಕೈಯಿಲ್ಲದೋನಿಗೂ ಜೋಡಿ ಸರಿ ಓಯ್ತದೆ," ಅಂದ. ನಗಲಿಲ್ಲ. "ಹೊಡ್ಕೊಂಡೋಗಿ. ನಿಮ್ಮ ಮನೆಯಾಕೆ ಉಂಡೆ ಮಾಡಿ ತಿನ್ನಿಸ್ತಾರಂತೆ. ನಮ್ಮಲ್ಲಿ ಅಷ್ಟು ಬೂಸಾ ಇಲ್ಲ."

"ನನ್ನ ಕ್ಷಮಿಸು ಅಂತ ಕೇಳಾಕೂ ಬಾಯಿಲ್ಲ."

"ಕೇಳ್ಬ್ಯಾಡಿ. ಅವತ್ತು ಗಂಜಿ ಕುಡೀತಾ ಹೇಳಿದ್ರೆ ಆಗ್ತಿತ್ತು. ಅಮ್ಮ ಎರಡನೇ ಸೌಟು ಬಿಟ್ಟಾಗ ಹೇಳಿದ್ರೂ ಆಗ್ತಿತ್ತು."

ಒಳಗೆ ಪಾತ್ರೆ ಮೂಟೆ ಕಟ್ಟಿದ್ದವು. ಜೋಯಾಳ ಅಣ್ಣ ಜೀಶಾನ್‌ಗೆ ವಿರಾಜಪೇಟೆಯಲ್ಲಿ ಬಾಳೆಕಾಯಿ ಚಿಪ್ಸಿನ ಅಂಗಡಿ ಇತ್ತು. ಅಲ್ಲಿ ಗಲ್ಲಾ ಮೇಲೆ ಕೂರಲು ಒಂದು ಕೈ ಸಾಕು. ಹೆಸರು ವಾಪಸ್ ಬಂತಲ್ಲ, ಇಲ್ಲೇ ಇರಪ್ಪ ಅಂತ ನಾನು ಹೇಳಿದೆ.

"ಬಂತು ತಾತ," ಅಂದ ಇಸಾಕ್. "ಈಗ ದಾರೀಲಿ ಸಿಕ್ಕೋರೆಲ್ಲ ಕೈ ನೋಡಿ ಅಯ್ಯೋ ಅಂತಾರೆ. ಕಳ್ಳ ಅನ್ನುವಾಗ ತಲೆ ಎತ್ಕೊಂಡು ಓಡಾಡ್ತಿದ್ದೆ. ಇದು ಆಗಾಕಿಲ್ಲ."

ಶುಕ್ರವಾರ ನಮ್ಮ ಗುಡಿಯಲ್ಲಿ ಶಿಲುಬೆಯ ಹಾದಿಗೆ ಹೊಸ ಹುಡುಗಿಯೊಬ್ಬಳು ಜಪ ಹೇಳಿಸಿದಳಂತೆ, ಮೈಕಿಲ್ಲದೆ. ಚೌರಪ್ಪ, ಲೂರ್ದುಮೇರಿ, ನಾನು ಆ ಹೊತ್ತಿನಲ್ಲಿ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿದ್ದೆವು. ಚೌರಪ್ಪ ಅವರ ಟ್ರಂಕು ಹೊತ್ತು ಬಸ್ಸಿನೊಳಗೆ ಇಟ್ಟ. ಇಸಾಕ್ ಬೇಡ ಅನ್ನಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದ. ಬಷೀರಾಬಿ ಕಿಟಕಿಯಿಂದ ಲೂರ್ದುಮೇರಿಗೆ, "ಆ ಎತ್ತಿಗೆ ಬೂಸಾದ ಜೊತೆ ಒಂಚೂರು ಉಪ್ಪು ಹಾಕಮ್ಮ," ಅಂದರು. ಲಾಳದ ಡಬ್ಬ ಅವರ ಮಡಿಲಲ್ಲಿತ್ತು.

ಇಸಾಕ್, ಜೋಯಾ, ಬಷೀರಾಬಿ, ಮೂವರೂ ಹೋದರು. ಶುಭ ಶುಕ್ರವಾರ, ಮಧ್ಯಾಹ್ನದ ನಮಾಜಾದ ಮೇಲೆ, ವಿರಾಜಪೇಟೆ ಬಸ್ಸಿನಲ್ಲಿ.